ಕಡಲಾಚೆಯ ರಸಾಯನಗಳು ಮತ್ತು ಕಾನೂನಿನ ಕಾವಲು

ಪರದೇಶದಿಂದ ಬರುವ ಸರಕಿಗೆ ನಾವು 'ಆಮದು' ಎನ್ನುತ್ತೇವೆ. ಇದು ಪಾರಸಿಯಿಂದ ಕನ್ನಡಕ್ಕೆ ಬಂದ ಮಾತು. 'ಬಂದದ್ದು' ಎಂದಷ್ಟೇ ಇದರ ಮೂಲಾರ್ಥ. ಬಂದದ್ದು ಏನು, ಯಾರಿಗಾಗಿ ಬಂದಿತು, ಎಲ್ಲಿ ಇರುವುದು ಎಂಬ ಪ್ರಶ್ನೆಗಳು ಅಕ್ಕಿ ಬಟ್ಟೆಗಳಿಗಿಂತ ರಾಸಾಯನಿಕಗಳ ವಿಷಯದಲ್ಲಿ ಹೆಚ್ಚು ತೂಕದವು. ಇವಕ್ಕೆ ಮುಂಚಿತವಾಗಿಯೇ ಲಿಖಿತ ಉತ್ತರ ಪಡೆಯುವುದೇ ಆಮದಿನ ನಿಯಮಗಳ ಉದ್ದೇಶ.

ವಿಷಯವು ನಮಗೆ ದೂರದ್ದೇನೂ ಅಲ್ಲ. ಅಲೆವೂರಿಗೆ ಪಡುವಣದಲ್ಲಿ, ಕಟಪಾಡಿ ಉದ್ಯಾವರಗಳ ಮೂಲಕ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಟ್ಯಾಂಕರ್ ಲಾರಿಗಳು ಹಗಲಿರುಳು ಓಡುತ್ತವೆ. ಅದೇ ಹೆದ್ದಾರಿ ತೆಂಕಣದಲ್ಲಿ ಪಣಂಬೂರನ್ನು ಮುಟ್ಟುತ್ತದೆ. ಅಲ್ಲಿಯ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಗೊಬ್ಬರದ ತಯಾರಿಗೆ ಬೇಕಾದ ದ್ರವ ಅಮೋನಿಯ, ಫಾಸ್ಫರಿಕ್ ಆಮ್ಲಗಳು ಅಲ್ಲಿಗೆ ಹಡಗಿನಲ್ಲಿ ಬಂದಿಳಿಯುತ್ತವೆ. ಪೈರಿಗೆ ಹಿತವಾದ ಗೊಬ್ಬರದ ಮೂಲವಾದ ಅದೇ ಅಮೋನಿಯ, ಸೋರಿದರೆ ಕಣ್ಣಿಗೂ ಶ್ವಾಸಕೋಶಕ್ಕೂ ಮಾರಕ.

ಹಾನಿಕರ ಸರಕನ್ನು ಸುಂಕದ ಕಟ್ಟೆಯಲ್ಲೇ ತಡೆಯಬೇಕೆಂಬ ವಿಚಾರ ಹೊಸತಲ್ಲ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ, ರಾಷ್ಟ್ರಕ್ಕೆ ಪೀಡೆ ತರುವ ಸರಕನ್ನು ನಿವಾರಿಸುವ ವಿಧಿಯಿದೆ. ಆಧುನಿಕ ಭಾರತಕ್ಕೆ ಈ ಪಾಠವನ್ನು ಕಲಿಸಿದ್ದು ಭೋಪಾಲದ ದುರಂತ. 1984ರ ಡಿಸೆಂಬರ್ 2–3ರ ರಾತ್ರಿ ಅಲ್ಲಿ ಮಿಥೈಲ್ ಐಸೊಸಯನೇಟ್ ಸೋರಿ ಸಹಸ್ರಾರು ಮಂದಿ ಮಡಿದರು. ತಮ್ಮೆದುರು ನರಳುತ್ತಿದ್ದವರು ಯಾವ ವಿಷವನ್ನು ಉಸಿರಾಡಿದ್ದಾರೆ, ಅದಕ್ಕೆ ಚಿಕಿತ್ಸೆಯೇನು ಎಂಬುದು ವೈದ್ಯರಿಗೂ ಸ್ಪಷ್ಟವಿರಲಿಲ್ಲ. ಅನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದಿನ ನಿಯಮಗಳು ಬಂದವು.

ಈ ನಿಯಮಗಳ ಪ್ರಕಾರ ಆಮದುದಾರನು ಸಾಧ್ಯವಿದ್ದರೆ 30 ದಿನ ಮೊದಲೇ, ತಡವೆಂದರೂ ಆಮದಿನ ದಿನದೊಳಗೆ, ಅಧಿಕಾರಿಗಳಿಗೆ ವಿವರ ಸಲ್ಲಿಸಬೇಕು. ಸರಕನ್ನು ಪಡೆಯುವವರ ಹೆಸರು ವಿಳಾಸ, ಇಳಿಯುವ ಬಂದರು, ಸಾಗಾಟದ ಕ್ರಮ, ಪ್ರಮಾಣ, ಸುರಕ್ಷತೆಯ ಸಂಪೂರ್ಣ ಮಾಹಿತಿ ಇವು ಅದರಲ್ಲಿರಬೇಕು. ಸರಕು ಬರಬಾರದೆಂದು ಕಂಡರೆ ಆಮದನ್ನೇ ನಿಲ್ಲಿಸುವ ಅಧಿಕಾರವೂ ಸರಕಾರಕ್ಕುಂಟು.

ಸುರಕ್ಷತೆಯ ಮಾಹಿತಿ ಏಕೆ ಬೇಕೆನ್ನುವಿರಾ? ಅಮೋನಿಯದ ಆವಿ ಗಾಳಿಯಲ್ಲಿ ಹರಡಿದಾಗ ತುಂತುರು ನೀರು ಅದನ್ನು ಹೀರಿಕೊಳ್ಳುತ್ತದೆ. ಆದರೆ ನೆಲದಲ್ಲಿ ಮಡುಗಟ್ಟಿದ ದ್ರವದ ಮೇಲೆ ಅದೇ ನೀರನ್ನು ಸುರಿದರೆ ಆವಿ ಮತ್ತಷ್ಟು ಏಳುತ್ತದೆ. ಅಗ್ನಿಶಾಮಕ ದಳದವರಿಗೆ ಈ ವ್ಯತ್ಯಾಸ ಮೊದಲೇ ತಿಳಿದಿರಬೇಕು.

ಕೆಲವು ರಸಾಯನಗಳಿಗೆ ಎರಡು ಮುಖಗಳಿವೆ. ಅಸಿಟಿಕ್ ಅನ್‌ಹೈಡ್ರೈಡ್ ತಲೆನೋವಿನ ಆಸ್ಪಿರಿನ್ ತಯಾರಿಕೆಗೂ ಬೇಕು, ಹೆರಾಯಿನ್ ತಯಾರಿಕೆಗೂ ಬೇಕು. ಆದುದರಿಂದ ಅದು ಮಾದಕ ದ್ರವ್ಯಗಳ ಕಾಯಿದೆಯ ಹತೋಟಿಗೂ ಒಳಪಟ್ಟಿದೆ. ತಂದದ್ದೆಷ್ಟು, ಬಳಸಿದ್ದೆಷ್ಟು ಎಂಬ ಲೆಕ್ಕ ಇಡಲೇಬೇಕು.

ಇಷ್ಟೆಲ್ಲ ಕಾಗದವಿದ್ದರೂ ಓದಿ ನಡೆಯುವವರಿಲ್ಲದಿದ್ದರೆ ಫಲವೇನು? ಬೈರೂತ್ ಬಂದರಿನ ಉಗ್ರಾಣದಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿದ್ದಿತ್ತು. ಅದು ಅಲ್ಲಿದೆಯೆಂದು ಅಧಿಕಾರಿಗಳಿಗೆ ತಿಳಿದಿತ್ತು; ಪತ್ರವ್ಯವಹಾರವೂ ನಡೆದಿತ್ತು. 2020ರ ಆಗಸ್ಟ್ 4ರಂದು ಅದು ಸಿಡಿದು ನಗರದ ಬಹುಭಾಗ ಜಖಂಗೊಂಡಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಉದ್ಯಮಿಗಳಲ್ಲದ ನಮಗೂ ಇಲ್ಲಿ ಕರ್ತವ್ಯವಿದೆ. ಅಪಾಯಕಾರಿ ಸರಕಿನ ಲಾರಿಯ ಎರಡು ಪಾರ್ಶ್ವಗಳಲ್ಲೂ ಹಿಂಬದಿಯಲ್ಲೂ ಮಾಹಿತಿ ಫಲಕವಿರಬೇಕೆಂಬುದು ಮೋಟಾರು ವಾಹನ ನಿಯಮ. ರಾಸಾಯನಿಕದ ಹೆಸರು, ವಿಶ್ವಸಂಸ್ಥೆ ಗೊತ್ತುಪಡಿಸಿದ ಅಂಕೆ, ತುರ್ತು ದೂರವಾಣಿ ಸಂಖ್ಯೆಗಳು ಅದರಲ್ಲಿರುತ್ತವೆ. 1005 ಎಂದಿದ್ದರೆ ಅದು ಅಮೋನಿಯ. ಟ್ಯಾಂಕರ್ ಮಗುಚಿದರೆ ನೋಡಲೆಂದು ಹತ್ತಿರ ಹೋಗಬೇಡಿ. ಗಾಳಿ ಬೀಸುವ ದಿಕ್ಕಿಗೆ ಓಡದೆ, ಅದಕ್ಕೆ ಅಡ್ಡವಾಗಿ ದೂರ ಸರಿಯಿರಿ. ದೂರದಿಂದಲೇ ಫಲಕದ ಅಂಕೆ ಕಂಡರೆ 112ಕ್ಕೆ ಕರೆಮಾಡಿ ತಿಳಿಸಿರಿ. ಆಮದುದಾರನು ಬರೆದ ಕಾಗದವು ನೆರವಿಗೆ ಬರುವವರ ಕೈಗೆ ವೇಳೆಗೆ ಸರಿಯಾಗಿ ಸಿಗಲು ಆ ನಾಲ್ಕು ಅಂಕೆಗಳು ಸಾಕು.