ಹೇಳುವವರೂ ಕಲಿಯಬೇಕು
ಸಕ್ಕರೆ ಕಾಯಿಲೆಯ ತಿಳಿವಳಿಕೆ ಎಲ್ಲರ ಮನೆಗೂ ತಲುಪುವ ಬಗೆ

"ಹೇಳಿದ್ದನ್ನು ರೋಗಿ ಕೇಳುವುದಿಲ್ಲ" ಎಂಬುದು ಆಸ್ಪತ್ರೆಯ ಒಳಗೆ ಆಗಾಗ ಕೇಳಿಬರುವ ಮಾತು. "ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ" ಎಂಬುದು ಅದೇ ಆಸ್ಪತ್ರೆಯ ಹೊರಗೆ, ಬಸ್ಸಿಗೆ ಕಾಯುವ ಜಾಗದಲ್ಲಿ ಕೇಳಿಬರುವ ಮಾತು. ಈ ಎರಡು ಮಾತುಗಳ ನಡುವಿನ ಕಂದಕವನ್ನು ಮುಚ್ಚಬೇಕಾದವರೇ ಮಧುಮೇಹ ಶಿಕ್ಷಕರು. ಅವರ ಕೆಲಸವೇನು, ಆ ಕೆಲಸ ಎಲ್ಲ ಬಗೆಯ ಜನರಿಗೂ ಒದಗಬೇಕಾದರೆ ಅವರು ಏನನ್ನು ಕಲಿಯುತ್ತಿರಬೇಕು ಎಂಬುದನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಜೀವನವನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರ ಮಾಡೋಣ.

ಎರಡು ಗಂಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದು ಪಟ್ಟಣದ ಸಿರಿವಂತರ ಕಾಯಿಲೆ ಎಂಬ ಮಾತಿಗೆ ಈಗ ಅರ್ಥ ಉಳಿದಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ರೋಗಿ ತಿಂಗಳಿಗೊಮ್ಮೆ ಹತ್ತು ನಿಮಿಷ ವೈದ್ಯರ ಎದುರು ಕುಳಿತರೆ ವರ್ಷಕ್ಕೆ ಎರಡು ಗಂಟೆಯಾಯಿತು. ವರ್ಷದಲ್ಲಿರುವುದು 8,760 ಗಂಟೆ. ಉಳಿದ 8,758 ಗಂಟೆ ಏನು ಉಣ್ಣಬೇಕು, ಯಾವ ಮಾತ್ರೆ ಯಾವಾಗ ನುಂಗಬೇಕು, ಕಾಲಿನ ಗಾಯಕ್ಕೆ ಏನು ಮಾಡಬೇಕು ಎಂದು ತೀರ್ಮಾನಿಸುವವರು ಸ್ವತಃ ರೋಗಿ ಮತ್ತು ಮನೆಯವರು. ಆದ್ದರಿಂದ ಮಧುಮೇಹದಲ್ಲಿ ತಿಳಿವಳಿಕೆಯೂ ಔಷಧದಷ್ಟೇ ಮುಖ್ಯವಾದ ಚಿಕಿತ್ಸೆ.

ಇದನ್ನು ಮೊದಲೇ ಕಂಡುಕೊಂಡವರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ ಒಬ್ಬರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾದ ನಂತರ, ಔಷಧ ಕೊಟ್ಟರಷ್ಟೇ ಸಾಲದು, ಅದನ್ನು ಬಳಸುವ ವಿದ್ಯೆಯನ್ನೂ ಕೊಡಬೇಕೆಂದು ಅವರು ದಾದಿಯರಿಗೆ ತರಬೇತಿ ನೀಡಿ ರೋಗಿಗಳ ಮನೆಗೆ ಕಳುಹಿಸಿದರು. 1973ರಲ್ಲಿ ಆ ದೇಶದಲ್ಲಿ ಮಧುಮೇಹ ಶಿಕ್ಷಕರ ಸಂಘವೇ ಹುಟ್ಟಿತು. ಆ ಸಂಘ ಏಳು ಅಭ್ಯಾಸಗಳನ್ನು ಗುರುತಿಸಿದೆ: ಹಿತವಾದ ಊಟ, ಮೈ ದಣಿಸುವುದು, ಸಕ್ಕರೆ ಅಂಶವನ್ನು ನೋಡಿಕೊಳ್ಳುವುದು, ಔಷಧವನ್ನು ಕ್ರಮವಾಗಿ ತೆಗೆದುಕೊಳ್ಳುವುದು, ತೊಡಕು ಬಂದಾಗ ಪರಿಹಾರ ಹುಡುಕುವುದು, ಮನಸ್ಸನ್ನು ಗಟ್ಟಿಯಾಗಿಟ್ಟುಕೊಳ್ಳುವುದು ಮತ್ತು ಮುಂದಿನ ಅಪಾಯಗಳನ್ನು ತಡೆಯುವುದು.

ನಮ್ಮಲ್ಲಿ ಈ ಕೆಲಸ ಮಾಡುವವರಿಗೆ "ಮಧುಮೇಹ ಶಿಕ್ಷಕ" ಎಂಬ ಫಲಕ ಬಹುತೇಕ ಕಡೆ ಇರುವುದಿಲ್ಲ. 2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಕೆಲಸ ಮಾಡುವ ದಾದಿ, ಆಪ್ತಸಮಾಲೋಚಕರು, ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, 30 ವರ್ಷ ದಾಟಿದವರ ಮನೆಗೆ ಹೋಗಿ ವಿವರ ಬರೆದುಕೊಳ್ಳುವ ಆಶಾ ಕಾರ್ಯಕರ್ತೆ, ಇವರೆಲ್ಲರೂ ಮಧುಮೇಹ ಶಿಕ್ಷಕರೇ.

ಯಾವ ಭಾಷೆಯಲ್ಲಿ ಹೇಳಬೇಕು?

2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ಆಂಧ್ರದ ಗಡಿಗೆ ಅಂಟಿಕೊಂಡ ಈ ಸೀಮೆಯಲ್ಲಿ ಶಾಲೆಯ ಮಾತು ಕನ್ನಡವಾದರೂ ಎಷ್ಟೋ ಮನೆಗಳ ಒಳಮಾತು ತೆಲುಗು. ಶಿಡ್ಲಘಟ್ಟ, ಚಿಂತಾಮಣಿ ಪಟ್ಟಣಗಳ ಮುಸ್ಲಿಂ ಕೇರಿಗಳಲ್ಲಿ ದಖನಿ ಉರ್ದು. ಒಬ್ಬರಿಗೆ ಸಕ್ಕರೆ ಕಾಯಿಲೆಯಾದದ್ದು ಇನ್ನೊಬ್ಬರಿಗೆ ಚಕ್ಕೆರ ಜಬ್ಬು, ಮತ್ತೊಬ್ಬರಿಗೆ ಬರಿಯ "ಶುಗರ್ರು".

ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ಯತೀಂದ್ರರು ಕನ್ನಡ, ತೆಲುಗು ಎರಡರಲ್ಲಿಯೂ ಕೀರ್ತನೆಗಳನ್ನು ರಚಿಸಿದವರು. ಮೊದಲು ಅವರು ಊರೂರು ಸುತ್ತಿ ಬಳೆ ಮಾರುತ್ತಿದ್ದರೆಂದು ಪ್ರತೀತಿ. ಬಳೆಗಾರ ಎಲ್ಲ ಕೈಗೂ ಒಂದೇ ಅಳತೆಯ ಬಳೆ ತೊಡಿಸುವುದಿಲ್ಲ; ಕೈ ಹಿಡಿದು ನೋಡಿ ಬಳೆ ಆರಿಸುತ್ತಾನೆ. ಬುದ್ಧಿಮಾತಿಗೂ ಇದೇ ನ್ಯಾಯ. ಮನೆಮಾತಿನಲ್ಲಿ ನಾಲ್ಕು ಮಾತಾಡಿದರೆ ಮುಚ್ಚಿಟ್ಟ ಸಂಗತಿ ಹೊರಬರುತ್ತದೆ.

ಭಾಷೆ ಒಂದೇ ಆದರೂ ಹೇಳಿದ್ದು ತಲುಪಿದೆಯೇ ಎಂದು ಪರೀಕ್ಷಿಸಬೇಕು. "ಅರ್ಥ ಆಯ್ತಾ?" ಎಂದು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ, ಗೌರವಕ್ಕೆ ತಲೆಯಾಡಿಸುತ್ತಾರೆ. ಅದರ ಬದಲು, "ಅಮ್ಮಾ, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಗೆ ಹೋಗಿ ಸೊಸೆಗೆ ಏನು ಹೇಳ್ತೀರಿ, ಒಂದ್ಸಲ ಹೇಳಿ" ಎನ್ನಬೇಕು. ಆಗ ಪರೀಕ್ಷೆ ರೋಗಿಗಲ್ಲ, ಶಿಕ್ಷಕರಿಗೆ. ಓದು ಬಾರದವರಿಗೆ ಮಾತ್ರೆಯ ಕವರಿನ ಮೇಲೆ ಸೂರ್ಯನ ಚಿತ್ರ, ಚಂದ್ರನ ಚಿತ್ರ ಬರೆದುಕೊಟ್ಟರೆ ಬೆಳಗಿನದು ಯಾವುದು, ರಾತ್ರಿಯದು ಯಾವುದೆಂದು ತಿಳಿಯುತ್ತದೆ.

ಮುದ್ದೆಯ ಮಾತು

"ಅನ್ನ ಬಿಡಿ, ಮುದ್ದೆ ತಿನ್ನಿ" ಎಂಬ ಸಲಹೆ ಈ ಸೀಮೆಯಲ್ಲಿ ಬಲು ಸಲೀಸಾಗಿ ಸಿಗುತ್ತದೆ. ಅದನ್ನು ನಂಬಿ ಎರಡು ಮುದ್ದೆ ಉಣ್ಣುತ್ತಿದ್ದವರು ಮೂರು ಉಣ್ಣತೊಡಗುತ್ತಾರೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ನಿಜ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂನಷ್ಟು ಪಿಷ್ಟವೂ ಇದೆ. ಅದು ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತದೆ. ಆದ್ದರಿಂದ ಧಾನ್ಯದ ಹೆಸರಿನಷ್ಟೇ ಮುದ್ದೆಯ ಗಾತ್ರವನ್ನೂ ನೋಡಬೇಕು.

ಅಚ್ಚು ಹಾಕಿದ ಆಹಾರದ ಪಟ್ಟಿ ಕೊಡುವ ಮೊದಲು "ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಏನೇನು ಉಂಡಿರಿ?" ಎಂದು ಕೇಳುವುದು ಜಾಣತನ. ಮುದ್ದೆಯನ್ನು ಚಿಕ್ಕದು ಮಾಡಿ, ಬಸ್ಸಾರಿನ ಸೊಪ್ಪು, ಹುರುಳಿ ಇಲ್ಲವೆ ಅವರೆಕಾಳನ್ನು ಹೆಚ್ಚಿಸುವುದು ಬಡವರ ಮನೆಯಲ್ಲೂ ಆಗುವ ಮಾತು. ಕೊಳ್ಳಲಾಗದ ಹಣ್ಣು, ಓಟ್ಸುಗಳ ಪಟ್ಟಿ ಕೊಟ್ಟರೆ ಅದು ಗೋಡೆಯ ಮೊಳೆಗೆ ಸೇರುತ್ತದೆ. ಅಡಿಗೆ ಮಾಡುವವರನ್ನು ಕರೆಸಿ ಮಾತಾಡುವುದೂ ಅಗತ್ಯ. ಅಡಿಗೆ ಮಾಡುವಾಕೆಯೇ ರೋಗಿಯಾಗಿದ್ದರೆ ಇನ್ನೂ ಎಚ್ಚರ ಬೇಕು: ಎಲ್ಲರೂ ಉಂಡಾದ ಮೇಲೆ ಮಿಕ್ಕಿದ್ದನ್ನು ಉಣ್ಣುವ ಹೆಂಗಸಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿ ಎನ್ನುವ ಸಲಹೆಯನ್ನು ಇಡೀ ಮನೆಗೇ ಹೇಳಬೇಕಾಗುತ್ತದೆ.

ಹುಳುಮನೆಯ ಬಾಗಿಲಲ್ಲಿ ಚಪ್ಪಲಿ

ಮಧುಮೇಹ ಹಳೆಯದಾದಂತೆ ಪಾದದ ನರಗಳು ಜೋಮು ಹಿಡಿಯುತ್ತವೆ. ಮುಳ್ಳು ಚುಚ್ಚಿದರೂ, ಬಿಸಿನೀರು ಬಿದ್ದರೂ ತಿಳಿಯುವುದಿಲ್ಲ. ಗಾಯ ಕೊಳೆತು ಕಾಲನ್ನೇ ತೆಗೆಯಬೇಕಾದ ಪ್ರಸಂಗ ಬರುತ್ತದೆ. ಅದಕ್ಕೇ "ಬರಿಗಾಲಲ್ಲಿ ನಡೆಯಬೇಡಿ" ಎಂಬುದು ಎಲ್ಲ ಶಿಕ್ಷಕರ ಮೊದಲ ಪಾಠ.

ಆದರೆ ಇದು ರೇಷ್ಮೆಯ ನಾಡು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯಕ್ಕೇ ಹೆಸರುವಾಸಿ. ಹುಳು ಸಾಕುವ ಮನೆಗೆ ಹೊರಗಿನ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಹುಳುವಿಗೆ ರೋಗ ತಗುಲದಿರಲೆಂದು ಚಪ್ಪಲಿ ಹೊರಗೆ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಿ ಒಳಗೆ ಹೋಗಬೇಕೆಂದು ರೇಷ್ಮೆ ಇಲಾಖೆಯ ಪಾಠ. ಎರಡು ಇಲಾಖೆಗಳ ಎರಡು ಸರಿಯಾದ ಪಾಠಗಳ ನಡುವೆ ರೈತನ ಕಾಲು ಸಿಕ್ಕಿಕೊಳ್ಳುತ್ತದೆ! ಹುಳುವಿನ ಬದುಕೇ ತನ್ನ ಬದುಕಾದ್ದರಿಂದ ಅವನು ರೇಷ್ಮೆ ಇಲಾಖೆಯ ಮಾತನ್ನೇ ಕೇಳುತ್ತಾನೆ. ಅದು ಅವಿಧೇಯತೆಯಲ್ಲ. ಪರಿಹಾರ ಸುಲಭ: ಹುಳುಮನೆಯ ಒಳಗೇ ಬಿಟ್ಟಿರುವ, ಹೊರಗೆ ಎಂದೂ ತೆಗೆಯದ, ತೊಳೆದು ಬಳಸುವ ಮತ್ತೊಂದು ಜೊತೆ ಚಪ್ಪಲಿ. ಹುಳುವೂ ಕ್ಷೇಮ, ಕಾಲೂ ಕ್ಷೇಮ. ಆದರೆ ಇದನ್ನು ಹೇಳಬೇಕಾದರೆ ಶಿಕ್ಷಕರು ಒಮ್ಮೆಯಾದರೂ ಹುಳುಮನೆಯನ್ನು ಕಂಡಿರಬೇಕು.

ಊಟದ ಹೊತ್ತಿನದೂ ಇದೇ ಕತೆ. ನಾಲ್ಕನೇ ಜ್ವರ ಎದ್ದ ಮೇಲೆ, ಕೊನೆಯ ಒಂದು ವಾರದಲ್ಲಿ ಹುಳು ತನ್ನ ಆಯುಸ್ಸಿನ ಸೊಪ್ಪಿನ ಬಹುಪಾಲನ್ನು ತಿಂದು ಮುಗಿಸುತ್ತದೆ. ಆಗ ಮನೆಯವರಿಗೆ ಊಟದ ಹೊತ್ತು, ನಿದ್ದೆಯ ಹೊತ್ತು ಇರುವುದಿಲ್ಲ. ಗ್ಲಿಮೆಪಿರೈಡ್‌ನಂತಹ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಅಂಶ ಇಳಿದು, ಬೆವರಿ, ಕೈಕಾಲು ನಡುಗಿ, ಎಚ್ಚರ ತಪ್ಪಬಹುದು. 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ನೋಡಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿಚ್ಚಾಣಿಕೆಯ ಬಿಸಿನೀರಿನ ತೊಟ್ಟಿಯ ಬಳಿ ದಿನವಿಡೀ ಕೆಲಸ ಮಾಡುವವರ ಕೈಕಾಲುಗಳನ್ನು ಪ್ರತಿ ಭೇಟಿಯಲ್ಲೂ ಮುಟ್ಟಿ ನೋಡುವುದು ಶಿಕ್ಷಕರ ಕರ್ತವ್ಯ.

ರೋಜಾ, ಒಪ್ಪತ್ತು, ಉಪವಾಸ

"ಶುಗರ್ ಇದೆ, ರೋಜಾ ಇಡಬೇಡಿ" ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ, ಬಹಳ ಮಂದಿ ಹೇಳದೆಯೇ ರೋಜಾ ಇಡುತ್ತಾರೆ. ರಂಜಾನ್ ತಿಂಗಳಿಗೆ ಆರೆಂಟು ವಾರ ಮೊದಲೇ ಮಾತು ತೆಗೆಯುವುದು ಮೇಲು. ಯಾರಿಗೆ ಅಪಾಯ ಹೆಚ್ಚು, ಯಾರ ಮಾತ್ರೆಯ ಹೊತ್ತನ್ನೂ ಪ್ರಮಾಣವನ್ನೂ ವೈದ್ಯರು ಸಹರಿ ಮತ್ತು ಇಫ್ತಾರಿಗೆ ಹೊಂದಿಸಬೇಕು ಎಂಬುದು ಆಗ ತೀರ್ಮಾನವಾಗುತ್ತದೆ. ಬೆರಳು ಚುಚ್ಚಿ ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲವೆಂದು ಧರ್ಮಪಂಡಿತರು ಅನೇಕರು ಹೇಳಿದ್ದಾರೆ. ಸಕ್ಕರೆ ಅಂಶ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ರೋಜಾ ಬಿಡಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಏಕಾದಶಿ, ಶಿವರಾತ್ರಿ, ಶನಿವಾರದ ಒಪ್ಪತ್ತುಗಳ ಬಗ್ಗೆಯೂ ಇಷ್ಟೇ ಗೌರವದಿಂದ ಮೊದಲೇ ವಿಚಾರಿಸಬೇಕು.

ಎರಡು ಸಿರಿಂಜುಗಳ ಅಪಾಯ

ಅನುಭವಿಗಳೂ ಮತ್ತೆ ಮತ್ತೆ ಕಲಿಯಬೇಕೆಂಬುದಕ್ಕೆ ಒಂದು ನಿದರ್ಶನ ಇನ್ಸುಲಿನ್. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು; ಪೆನ್ನಿನ ಕೊಳವೆಯಲ್ಲಿರುವುದು ಸಾಮಾನ್ಯವಾಗಿ 100 ಯೂನಿಟ್ಟಿನದು. ಸಿರಿಂಜೂ ಎರಡು ಬಗೆ. 40ರ ಸಿರಿಂಜಿಗೆ ಕೆಂಪು ಟೋಪಿ, 100ರದಕ್ಕೆ ಕಿತ್ತಳೆ ಬಣ್ಣದ್ದು. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ "20" ಎಂಬ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 8 ಯೂನಿಟ್ ಮಾತ್ರ. ತಿರುಗಾಮುರುಗಾ ಆದರೆ 20ರ ಬದಲು 50 ಯೂನಿಟ್ ಹೋಗಿ ಪ್ರಾಣಕ್ಕೇ ಸಂಚಕಾರ. "ಸೂಜಿ ಚುಚ್ಚಿದರೂ ಶುಗರ್ ಇಳಿಯುತ್ತಿಲ್ಲ" ಎನ್ನುವವರನ್ನು ಗದರಿಸುವ ಮೊದಲು ಅವರ ಸಿರಿಂಜನ್ನು ತರಿಸಿ ನೋಡಬೇಕು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟುಗಟ್ಟಿದೆಯೇ ಎಂದೂ ಮುಟ್ಟಿ ನೋಡಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಇಡಲು ಒದ್ದೆ ಮರಳಿನ ನಡುವೆ ಕೂರಿಸಿದ ಮಣ್ಣಿನ ಕುಡಿಕೆ ಒಳ್ಳೆಯ ಉಪಾಯ.

ಮುಚ್ಚಿಡುವ ಕಾಯಿಲೆ

ಚಿಕ್ಕ ಮಕ್ಕಳಿಗೆ ಬರುವ ಮೊದಲ ಬಗೆಯ ಮಧುಮೇಹಕ್ಕೆ ಇನ್ಸುಲಿನ್ನೇ ಪ್ರಾಣ. ಹೆಣ್ಣು ಮಗುವಾದರೆ ಮದುವೆಯ ಚಿಂತೆಯಿಂದ ಮನೆಯವರು ಸಂಗತಿಯನ್ನು ಶಾಲೆಗೂ ತಿಳಿಸುವುದಿಲ್ಲ. ತರಗತಿಯಲ್ಲಿ ಸಕ್ಕರೆ ಇಳಿದು ಮಗು ಕುಸಿದರೆ ಮೇಷ್ಟರಿಗೆ ಕಾರಣವೇ ತಿಳಿಯದು. ತಾಯಿತಂದೆಯರ ಒಪ್ಪಿಗೆ ಪಡೆದು ಒಬ್ಬ ನಂಬಿಕಸ್ಥ ಶಿಕ್ಷಕಿಗಾದರೂ ವಿಷಯ ತಿಳಿಸಿ, ಕೈಗೆ ಸಕ್ಕರೆಯ ಪೊಟ್ಟಣ ಕೊಟ್ಟಿರುವುದು ಜೀವ ಉಳಿಸುತ್ತದೆ. ಎಲ್ಲರೆದುರು ಕೂಗಿ "ಶುಗರ್ ಪೇಷೆಂಟ್" ಎಂದು ಕರೆಯದಿರುವುದು, ಹೆಣ್ಣುಮಕ್ಕಳ ಖಾಸಗಿ ತೊಂದರೆಗಳನ್ನು ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ವಿಚಾರಿಸುವುದು, ಕಣ್ಣು ಮಂಜಾದವರಿಗೆ ಪೆನ್ನಿನ "ಟಿಕ್" ಸದ್ದನ್ನು ಎಣಿಸಲು ಕಲಿಸುವುದು, ಕಿವಿ ಕೇಳದವರಿಗೆ ಚಿತ್ರದಲ್ಲಿ ತೋರಿಸುವುದು, ಇವೆಲ್ಲವೂ ಚಿಕಿತ್ಸೆಯ ಭಾಗಗಳೇ.

ಶಿಕ್ಷಕರು ಕಲಿಯುವುದೆಲ್ಲಿ?

ತರಬೇತಿ ಶಿಬಿರಗಳು ಬೇಕು. ಬೆಂಗಳೂರಿನ ಕರ್ನಾಟಕ ಅಂತಃಸ್ರಾವ ಸಂಶೋಧನಾ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಯೂ ದೂರದಲ್ಲಿಲ್ಲ. ಆದರೆ ವರ್ಷಕ್ಕೊಮ್ಮೆಯ ಶಿಬಿರದಿಂದ ಕಲಿಕೆ ಮುಗಿಯುವುದಿಲ್ಲ. ತಿಂಗಳಿಗೊಮ್ಮೆ ತಾಲ್ಲೂಕಿನ ದಾದಿಯರು, ಆಶಾ ಕಾರ್ಯಕರ್ತೆಯರು ಒಂದೆಡೆ ಕುಳಿತು, ರೋಗಿಯ ಹೆಸರು ಹೇಳದೆ, "ನನ್ನ ಸಲಹೆ ಎಲ್ಲಿ ಫಲಿಸಲಿಲ್ಲ, ಯಾಕೆ?" ಎಂದು ಚರ್ಚಿಸಲಿ. ಒಬ್ಬರು ಹೇಳಿಕೊಡುವುದನ್ನು ಇನ್ನೊಬ್ಬರು ಪಕ್ಕದಲ್ಲಿ ಕುಳಿತು ನೋಡಲಿ. ಗಡಿ ಊರಿನ ಆಶಾ ಕಾರ್ಯಕರ್ತೆಯೇ ಆ ದಿನ ಗುರುವಾಗಿ ತೆಲುಗಿನ ನಾಲ್ಕು ಮಾತು ಕಲಿಸಲಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನೇ ಜೀವನಧರ್ಮ ಮಾಡಿಕೊಂಡಿದ್ದರು. ಅದೇ ಸೀಮೆಯಲ್ಲಿ ರೋಗಿ ಪ್ರಶ್ನೆ ಕೇಳಲು ಅಂಜಬಾರದು. ಬೇರಿನ ಕಷಾಯ ಕುಡಿದು ಮಾತ್ರೆ ಬಿಟ್ಟವರನ್ನು ಬೈದರೆ, ಮುಂದಿನ ಸಲ ಅವರು ಸುಳ್ಳು ಹೇಳುತ್ತಾರೆ, ಇಲ್ಲವೆ ಬರುವುದೇ ಇಲ್ಲ. "ಕುಡಿದ ಮೇಲೆ ಶುಗರ್ ಎಷ್ಟಿತ್ತು, ಇಬ್ಬರೂ ಸೇರಿ ನೋಡೋಣ" ಎಂದರೆ ಸಂಖ್ಯೆಯೇ ಸತ್ಯ ಹೇಳುತ್ತದೆ.

ವೀಕ್ಷಕರಲ್ಲಿ ಮಧುಮೇಹವಿರುವವರಿಗೂ ಒಂದು ಮಾತು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನಿಮ್ಮ ಮಾತ್ರೆ, ಸಿರಿಂಜು, ಚಪ್ಪಲಿ ಮೂರನ್ನೂ ತೋರಿಸಿ. ನಿಮ್ಮ ಕೆಲಸವೇನು, ಊಟದ ಹೊತ್ತೇನು ಎಂಬುದನ್ನು ಕೇಳದಿದ್ದರೂ ಹೇಳಿ. ಹೇಳಿದ್ದು ಮನೆಯಲ್ಲಿ ನಡೆಯುವ ಮಾತಲ್ಲವಾದರೆ ಸಂಕೋಚವಿಲ್ಲದೆ "ಇದು ನಮ್ಮಿಂದಾಗದು, ಬೇರೆ ದಾರಿ ಹೇಳಿ" ಎನ್ನಿ. ಒಳ್ಳೆಯ ಶಿಕ್ಷಕರು ಅದಕ್ಕೆ ಬೇಸರಿಸುವುದಿಲ್ಲ. ಅವರ ಮುಂದಿನ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.