ತೋಟದಲ್ಲೊಂದು ಇಟಲಿ ಪಾಠ

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಗೆ 1133ರ ಪಾರ್ಶ್ವನಾಥ ಬಸದಿಯನ್ನು ನೋಡಲು ಹೊರದೇಶದವರೂ ಬರುತ್ತಾರೆ. ಇಟಲಿಯವರೊಬ್ಬರು ಹೂವನ್ನು ತೋರಿಸಿ 'ಫಿಯೋರೆ' ಎಂದರೆ ಊರಿನ ಮಕ್ಕಳು ಹಿಂಜರಿಯಬೇಕಿಲ್ಲ. ಆ ಭಾಷೆಯ ಉಚ್ಚಾರಣೆ ಕನ್ನಡದ ನಾಲಿಗೆಗೆ ಅಷ್ಟೇನೂ ದೂರದ್ದಲ್ಲ.

ಹೂವು, ಎಲೆ, ಮರ ಎಂಬಂತೆ ಇಟಾಲಿಯನ್ನಿನ ಹೆಚ್ಚಿನ ಪದಗಳೂ ಸ್ವರದಲ್ಲೇ ಮುಗಿಯುತ್ತವೆ. ಉದ್ಯಾನ 'ಜರ್ದೀನೊ', ಮರ 'ಆಲ್ಬೆರೊ', ತರಕಾರಿ ತೋಟ 'ಓರ್ತೊ'. ಪಾದುವಾ ನಗರದಲ್ಲಿ 1545ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೂ 'ಓರ್ತೊ' ಎಂದೇ ಹೆಸರು.

ಇಂಗ್ಲಿಷ್ ಮಾತನಾಡುವವರು ಎಡವುವುದು ಒತ್ತಕ್ಷರದಲ್ಲಿ. 'ಪಾಲ' ಎಂದರೆ ಸಲಿಕೆ, 'ಪಲ್ಲ' ಎಂದರೆ ಚೆಂಡು. 'ಹಳಿ'ಗೂ 'ಹಳ್ಳಿ'ಗೂ ಇರುವ ವ್ಯತ್ಯಾಸ ಬಲ್ಲ ಕನ್ನಡದ ಮಗುವಿಗೆ ಇದು ಸುಲಭ. ನಾಲಿಗೆಯನ್ನು ಅರೆಗಳಿಗೆ ಹೆಚ್ಚು ತಡೆದರೆ ಸಾಕು. ನಮ್ಮ ಮಾರುಕಟ್ಟೆಯ ಬ್ರೊಕೊಲಿ ಅಲ್ಲಿ 'ಬ್ರೊಕ್ಕೊಲಿ', ಈರುಳ್ಳಿ 'ಚಿಪೊಲ್ಲ'.

ಬರಹದಲ್ಲಿ ಒಂದು ನಿಯಮ ನೆನಪಿರಲಿ. 'ಸಿ' ಅಕ್ಷರದ ಮುಂದೆ ಎ, ಇ ಸ್ವರಗಳು ಬಂದರೆ ಅದು ಚಕಾರ. 'ಸಿ'ಯ ಜೊತೆ 'ಎಚ್' ಸೇರಿದರೆ ಕಕಾರ. ಎಲೆಯ ಹೆಸರು ಮಾತ್ರ ತುಸು ಕಷ್ಟ. 'ಫೊಲ್ಲ್ಯ' ಎಂಬುದು ಅದಕ್ಕೆ ಹತ್ತಿರದ ಕನ್ನಡ ರೂಪ.

ಕಾಗುಣಿತ, ಒತ್ತಕ್ಷರಗಳನ್ನು ಗಟ್ಟಿಯಾಗಿ ಕಲಿತ ಮಗು ಹೊಸ ಭಾಷೆಯ ಅರ್ಧ ದಾರಿ ಸವೆಸಿದಂತೆಯೇ. ಕನ್ನಡ ಕಲಿತರೆ ಮಗು ಹಿಂದೆ ಬಿದ್ದೀತೆಂದು ಅಂಜುವ ಪಾಲಕರು ಇದನ್ನು ಗಮನಿಸಬೇಕು.