ಒಡೆತನವೂ ಓಡಾಟವೂ

ಯಂತ್ರವು ದಾರಿಯನ್ನು ಕಾಣುವ ಬಗೆಯನ್ನೂ, ಕಂಡದ್ದನ್ನು ವಿವೇಚಿಸಿ ಗಾಲಿಗಳನ್ನು ನಡೆಸುವ ಬಗೆಯನ್ನೂ ಹಿಂದಿನ ಅಧ್ಯಾಯದಲ್ಲಿ ವಿವರಿಸಿದ್ದಾಯಿತು. ಚಾಲಕನಿಲ್ಲದ ಟ್ಯಾಕ್ಸಿಯು ಪ್ರಯೋಗಶಾಲೆಯ ಕೌತುಕವಾಗಿ ಉಳಿಯದೆ ಬೀದಿಗೆ ಇಳಿದಿದೆಯೆಂದು ಒಪ್ಪಿಕೊಂಡ ಮೇಲೆ, ಸಹಜವಾಗಿಯೇ ಏಳುವ ಪ್ರಶ್ನೆಯೊಂದುಂಟು: ಕರೆದ ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ಬಂದು, ಹೋಗಬೇಕಾದಲ್ಲಿ ಇಳಿಸಿ, ಮತ್ತೆ ತನ್ನ ಪಾಡಿಗೆ ತಾನು ಹೊರಟುಹೋಗುವ ವಾಹನವು ದೊರೆಯುವುದಾದರೆ, ಗೃಹಸ್ಥನಾದವನು ಸ್ವಂತ ಕಾರೊಂದನ್ನು ಕೊಂಡು, ಅದಕ್ಕೆ ವಿಮೆ ಕಟ್ಟಿ, ನೆರಳು ಹುಡುಕಿ ನಿಲ್ಲಿಸಿ, ಕಾಪಾಡಿಕೊಂಡು ಬರುವುದೇತಕ್ಕೆ?

ಈ ಪ್ರಶ್ನೆಯನ್ನು ಗಾಳಿಯಲ್ಲಿ ನಿಲ್ಲಿಸಿ ಚರ್ಚಿಸುವುದಕ್ಕಿಂತ ಅದು ನಿಜವಾಗಿ ಹುಟ್ಟಿರುವ ಊರಿನಲ್ಲಿಯೇ ಪರೀಕ್ಷಿಸುವುದು ಮೇಲು. ಆ ಊರು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ. ಗೂಗಲ್ ಸಂಸ್ಥೆಯು 2009ರಲ್ಲಿ ಆರಂಭಿಸಿ, 2016ರ ಕೊನೆಯಲ್ಲಿ ವೇಮೊ ಎಂಬ ಹೆಸರಿನಿಂದ ಬೇರೆಯಾಗಿ ನಿಲ್ಲಿಸಿದ ಉದ್ಯಮವು, ಮೊದಲು ಆರಿಜೋನಾದ ಫೀನಿಕ್ಸ್ ನಗರದ ಸುತ್ತಣ ನೇರವಾದ, ಮಳೆ ಅಪರೂಪವಾದ ಬೀದಿಗಳಲ್ಲಿ ಕೈ ಪಳಗಿಸಿಕೊಂಡು, ಅನಂತರ ದಿಣ್ಣೆಗಳಿಗೂ ಮಂಜಿಗೂ ಹೆಸರಾದ ಈ ನಗರದಲ್ಲಿ 2023ರ ಆಗಸ್ಟಿನಲ್ಲಿ ಹಗಲಿರುಳೂ ಬಾಡಿಗೆಗೆ ಓಡಿಸುವ ಅನುಮತಿಯನ್ನು ಪಡೆಯಿತು. 2024ರ ಜೂನಿನಿಂದೀಚೆಗೆ ಯಾರು ಬೇಕಾದರೂ ಈ ಟ್ಯಾಕ್ಸಿಯನ್ನು ಕರೆಯಬಹುದಾಗಿದೆ. ಕರೆದವನ ಹೆಸರಿನ ಮೊದಲಕ್ಷರಗಳನ್ನು ನೆತ್ತಿಯ ಗುಮ್ಮಟದಲ್ಲಿ ಬೆಳಗಿಸಿಕೊಂಡು ಬಿಳಿಯ ಜಾಗ್ವಾರ್ ಕಾರೊಂದು ಬಂದು ನಿಲ್ಲುತ್ತದೆ. ಹಿಂದಿನ ಆಸನದಲ್ಲಿ ಕುಳಿತು, ಪಟ್ಟಿ ಬಿಗಿದು, ಪರದೆಯ ಮೇಲಿನ ಗುಂಡಿಯನ್ನು ಒತ್ತಿದೊಡನೆ, ಯಾರೂ ಇಲ್ಲದ ಚಾಲಕಪೀಠದ ಮುಂದೆ ಸ್ಟಿಯರಿಂಗ್ ಚಕ್ರವು ತಾನೇ ತಾನಾಗಿ ತಿರುಗಿ ಗಾಡಿ ದಾರಿ ಹಿಡಿಯುತ್ತದೆ. ಮೊದಲ ಸಲ ಏರಿದವರು ಆ ಚಕ್ರವನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಾರೆ. ಮೂರನೆಯ ಸಲಕ್ಕೆ ತಮ್ಮ ಫೋನನ್ನು ನೋಡತೊಡಗುತ್ತಾರೆ. 2025ರ ವಸಂತದ ವೇಳೆಗೆ ಈ ಸಂಸ್ಥೆಯು ತಾನಿರುವ ಊರುಗಳಲ್ಲೆಲ್ಲ ಕೂಡಿ ವಾರಕ್ಕೆ 2,50,000 ಬಾಡಿಗೆಯ ಸವಾರಿಗಳನ್ನು ನಡೆಸುತ್ತಿತ್ತು. ಇದೇ ನಗರದಲ್ಲಿ ಇದರೊಡನೆ ಅನುಮತಿ ಪಡೆದ ಕ್ರೂಸ್ ಸಂಸ್ಥೆಯು 2023ರ ಅಕ್ಟೋಬರಿನಲ್ಲಿ, ಮತ್ತೊಂದು ಕಾರಿಗೆ ಸಿಕ್ಕಿ ತನ್ನ ಮುಂದೆ ಬಂದು ಬಿದ್ದ ಪಾದಚಾರಿಯೊಬ್ಬರನ್ನು ಎಳೆದೊಯ್ದ ಅಪಘಾತದಿಂದಾಗಿ ಪರವಾನೆಯನ್ನು ಕಳೆದುಕೊಂಡು, ಮರುವರ್ಷದ ಕೊನೆಗೆ ಈ ವ್ಯವಹಾರದಿಂದಲೇ ಹಿಂದೆಗೆಯಿತೆಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

ಪ್ರವಾದಿಗಳಿಗೇನೂ ಕೊರತೆಯಿರಲಿಲ್ಲ. ಲಿಫ್ಟ್ ಎಂಬ ಬಾಡಿಗೆ ಕಾರಿನ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಜಾನ್ ಜಿಮ್ಮರ್ ಎಂಬವರು, ಅಮೆರಿಕದ ಮಹಾನಗರಗಳಲ್ಲಿ ಖಾಸಗಿ ಕಾರಿನ ಒಡೆತನವು 2025ರ ವೇಳೆಗೆ ಬಹುಮಟ್ಟಿಗೆ ಮುಗಿದುಹೋಗುವುದೆಂದು 2016ರಲ್ಲಿ ಬರೆದರು. ಮರುವರ್ಷ ಟೋನಿ ಸೆಬಾ ಮೊದಲಾದವರ ರೀಥಿಂಕ್‌ಎಕ್ಸ್ ತಂಡವು ಇನ್ನೂ ಧಾರಾಳವಾಗಿ, ಅಮೆರಿಕದ ರಸ್ತೆಗಳ ಮೇಲಿನ ಪ್ರಯಾಣಿಕ ವಾಹನಗಳ ಸಂಖ್ಯೆಯು 24 ಕೋಟಿ 70 ಲಕ್ಷದಿಂದ 2030ಕ್ಕೆ 4 ಕೋಟಿ 40 ಲಕ್ಷಕ್ಕೆ ಇಳಿಯುವುದೆಂದು ಲೆಕ್ಕ ಹಾಕಿತು. 2025 ಬಂದು ಹೋಯಿತು. ಅಮೆರಿಕದಲ್ಲಿ ಹತ್ತು ಮನೆಗಳಲ್ಲಿ ಒಂಬತ್ತಕ್ಕೂ ಮಿಕ್ಕ ಮನೆಗಳ ಮುಂದೆ ಕಾರು ಮೊದಲಿನಂತೆಯೇ ನಿಂತಿದೆ. ಆದರೂ ಈ ಪ್ರವಾದಿಗಳನ್ನು ನಕ್ಕು ತಳ್ಳಿಹಾಕುವಂತಿಲ್ಲ. ಏತಕ್ಕೆಂದರೆ ಅವರು ಹಿಡಿದ ಲೆಕ್ಕದಲ್ಲಿ ತಿರುಳಿಲ್ಲದೆ ಇಲ್ಲ.

ಆ ಲೆಕ್ಕ ಹೀಗೆ. ಕಾರು ನಿಲ್ಲಿಸುವ ತಾಣಗಳ ಅರ್ಥಶಾಸ್ತ್ರವನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಲಾಸ್ ಏಂಜಲಿಸ್‌ನ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರು ತೋರಿಸಿಕೊಟ್ಟಂತೆ, ಸಾಮಾನ್ಯವಾದ ಕಾರೊಂದು ತನ್ನ ಆಯುಷ್ಯದ 95 ಪಾಲನ್ನು ನಿಂತೇ ಕಳೆಯುತ್ತದೆ. ಓಡುವುದು ಉಳಿದ 5 ಪಾಲು ಮಾತ್ರ. ಈ ನಿಶ್ಚಲ ಸಂಪತ್ತಿಗಾಗಿ, ಹೊಸ ಕಾರನ್ನು ಕೊಂಡ ಅಮೆರಿಕದ ಗೃಹಸ್ಥನು ಸವಕಳಿ, ವಿಮೆ, ಇಂಧನ, ದುರಸ್ತಿ, ಸಾಲದ ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 12,000 ಡಾಲರಿಗೂ ಮಿಕ್ಕು ವೆಚ್ಚಮಾಡುತ್ತಾನೆಂದು ಅಲ್ಲಿಯ ಮೋಟಾರು ಸಂಘವು 2024ರಲ್ಲಿ ಗಣನೆ ಮಾಡಿತು. ಅದರಲ್ಲಿ ಹಿರಿಯ ಪಾಲು ಪೆಟ್ರೋಲಿನದಲ್ಲ, ಕಣ್ಣಿಗೆ ಕಾಣದೆ ಕರಗುವ ಸವಕಳಿಯದು. ಇತ್ತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಾಲಕನಿಲ್ಲದ ಟ್ಯಾಕ್ಸಿಯ ಒಂದು ಸವಾರಿಗೆ 2025ರ ಬೇಸಗೆಯಲ್ಲಿ ಸರಾಸರಿ 20 ಡಾಲರಷ್ಟು ಬೀಳುತ್ತಿತ್ತು. ಅಂದರೆ ಕಾರಿನ ಹಣದಲ್ಲಿ ವರ್ಷಕ್ಕೆ 600 ಸವಾರಿ, ದಿನಕ್ಕೆ ಎರಡಕ್ಕೂ ಕಡಮೆ. ನಗರದೊಳಗೇ ಮನೆಯೂ ಕಚೇರಿಯೂ ಇರುವ ಒಂಟಿ ಮನುಷ್ಯನಿಗೆ ಇದು ಸರಿಹೋದೀತು. 50 ಕಿಲೋಮೀಟರಿನಾಚೆಯ ಉಪನಗರದಿಂದ ನಿತ್ಯ ಬಂದುಹೋಗುವ, ಎರಡು ಮಕ್ಕಳ ಸಂಸಾರಿಗೆ ಸರಿಹೋಗದು. ಚಾಲಕನ ಸಂಬಳವನ್ನು ಉಳಿಸಿದ ಮೇಲೂ ಈ ಸವಾರಿಯು ಚಾಲಕನುಳ್ಳ ಟ್ಯಾಕ್ಸಿಗಿಂತ ದುಬಾರಿಯಾಗಿಯೇ ಇದ್ದುದು ಗಮನಾರ್ಹ.

ಕಾರು ನೂರರಲ್ಲಿ 95 ಪಾಲು ನಿಂತಿರುತ್ತದೆಯೆಂಬ ಮಾತಿನಿಂದ, ಇಪ್ಪತ್ತು ಮನೆಗಳಿಗೆ ಒಂದು ಕಾರು ಸಾಕೆಂದು ತೀರ್ಮಾನಿಸುವವರುಂಟು. ಎಲ್ಲರೂ ಬೆಳಗಿನ ಎಂಟು ಗಂಟೆಗೇ ಹೊರಡುತ್ತಾರೆಂಬುದನ್ನು ಇವರು ಮರೆಯುತ್ತಾರೆ. ಟ್ಯಾಕ್ಸಿಗಳ ಪಡೆಯನ್ನು ಆ ಒಂದು ಗಂಟೆಯ ನೂಕುನುಗ್ಗಲಿಗೆ ತಕ್ಕಂತೆ ಕಟ್ಟಬೇಕಾಗುತ್ತದೆ. ಮದುವೆಯ ಅಡಿಗೆಗೆಂದು ತಂದ ಹಂಡೆಗಳಂತೆ ಅವುಗಳಲ್ಲಿ ಬಹುಪಾಲು ಉಳಿದ ಹೊತ್ತೆಲ್ಲ ಬರಿದೇ ಇರಬೇಕಾಗುತ್ತದೆ. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಸಾರಿಗೆ ವೇದಿಕೆಯು ಪೋರ್ಚುಗಲ್ಲಿನ ಲಿಸ್ಬನ್ ನಗರದ ನಿಜವಾದ ಓಡಾಟಗಳ ವಿವರವನ್ನು ಗಣಕಯಂತ್ರಕ್ಕೆ ಉಣಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ವಿಷಯದಲ್ಲಿ ನಾನು ಬಲ್ಲವುಗಳಲ್ಲಿ ಅತ್ಯಂತ ಬೋಧಪ್ರದವಾದುದು. ಅಪರಿಚಿತರು ಒಂದೇ ಗಾಡಿಯಲ್ಲಿ ಜೊತೆಗೂಡಿ ಕುಳಿತು, ಮೆಟ್ರೋ ರೈಲೂ ಯಥಾಪ್ರಕಾರ ನಡೆಯುತ್ತಿದ್ದರೆ, ಇಂದಿನ ಕಾರುಗಳಲ್ಲಿ ಹತ್ತನೆಯ ಒಂದು ಪಾಲಿನಿಂದಲೇ ದಿನದ ಓಡಾಟವೆಲ್ಲ ಹೆಚ್ಚುಕಡಮೆ ಸಾಗುತ್ತದೆ. ಬೀದಿಯ ಬದಿಯಲ್ಲಿ ಒಂದು ಕಾರನ್ನೂ ನಿಲ್ಲಿಸುವ ಅಗತ್ಯವಿರುವುದಿಲ್ಲ. ಇಷ್ಟನ್ನು ಓದಿ ಹರ್ಷಪಡುವವರು ಮುಂದಿನ ಪುಟವನ್ನೂ ಓದಬೇಕು. ಆ ಅತ್ಯುತ್ತಮ ಸ್ಥಿತಿಯಲ್ಲಿಯೂ ಕಾರುಗಳು ಓಡುವ ಒಟ್ಟು ದೂರವು ನೂರಕ್ಕೆ 6ರಷ್ಟು ಹೆಚ್ಚುತ್ತದೆ. ಪ್ರತಿಯೊಬ್ಬನೂ ಒಂಟಿಯಾಗಿಯೇ ಹೋಗಬಯಸಿ, ಮೆಟ್ರೋ ಕೂಡ ಇಲ್ಲವಾದರೆ, ಆ ಹೆಚ್ಚಳವು ನೂರಕ್ಕೆ 89. ಕಾರುಗಳ ಸಂಖ್ಯೆ ಇಳಿದು, ಕಾರುಗಳ ಓಟ ಏರುವುದು ವಿರೋಧಾಭಾಸವೆಂದು ತೋರಬಹುದಾದರೂ ಹಾಗಲ್ಲ. ಒಬ್ಬನನ್ನು ಇಳಿಸಿ ಮತ್ತೊಬ್ಬನನ್ನು ಹತ್ತಿಸಿಕೊಳ್ಳುವ ನಡುವೆ ಗಾಡಿಯು ಖಾಲಿಯಾಗಿ ಓಡುತ್ತದೆ, ಮತ್ತು ನಿನ್ನೆಯವರೆಗೆ ರೈಲನ್ನೋ ಬಸ್ಸನ್ನೋ ಹಿಡಿಯುತ್ತಿದ್ದವನು ಇಂದು ಇದನ್ನು ಹಿಡಿಯುತ್ತಾನೆ.

ಮನುಷ್ಯಸ್ವಭಾವದ ಕಡೆಯಿಂದ ನೋಡಿದರೂ ಇದೇ ಫಲ. ಚಾಲಕನಿಲ್ಲದ ಕಾರು ಇನ್ನೂ ಮನೆಮನೆಗೆ ಬಂದಿಲ್ಲದಿರುವಾಗ ಅದು ಬಂದಾಗಿನ ನಡತೆಯನ್ನು ತಿಳಿಯುವುದು ಹೇಗೆ? ಬರ್ಕ್ಲಿ ವಿಶ್ವವಿದ್ಯಾನಿಲಯದ ಜೋನ್ ವಾಕರ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಸೊಗಸಾದ ಉಪಾಯವೊಂದನ್ನು ಕಂಡರು. ಯಂತ್ರದ ಬದಲು ಮನುಷ್ಯನನ್ನೇ ಕೊಟ್ಟರೆ ಆಯಿತು! ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಣ ಊರುಗಳ 13 ಮಂದಿಗೆ ಒಂದು ವಾರದ ಮಟ್ಟಿಗೆ 60 ಗಂಟೆಗಳ ಕಾಲ ಸಂಬಳದ ಚಾಲಕನೊಬ್ಬನನ್ನು ಪುಕ್ಕಟೆಯಾಗಿ ಒದಗಿಸಿ, ಅವನನ್ನು ತಾವಿಲ್ಲದೆಯೂ ಕೆಲಸಗಳಿಗೆ ಕಳುಹಿಸಬಹುದೆಂದು ಹೇಳಿ, ಆ ವಾರದ ಓಡಾಟವನ್ನು ಹಿಂದುಮುಂದಿನ ವಾರಗಳ ಓಡಾಟದೊಡನೆ ತಾಳೆ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾರುಗಳು ಓಡಿದ ದೂರ ನೂರಕ್ಕೆ 83ರಷ್ಟು ಏರಿತ್ತು; ದೂರದ ಪ್ರಯಾಣಗಳೂ ಸಂಜೆಯ ಪ್ರಯಾಣಗಳೂ ವಿಶೇಷವಾಗಿ ಹೆಚ್ಚಿದ್ದವು, ಮತ್ತು ಒಳಗೆ ಯಜಮಾನನಿಲ್ಲದೆ ಕಾರು ಓಡಿದ್ದೂ ಕಡಮೆಯೇನಲ್ಲ. ಹದಿಮೂರು ಜನರ ಪ್ರಯೋಗದಿಂದ ಲೋಕನಿಯಮವನ್ನು ರಚಿಸಲಾಗದು. ಸವಾರಿಯು ಪುಕ್ಕಟೆಯಾದದ್ದನ್ನೂ ಮರೆಯಲಾಗದು. ಆದರೆ ದಾರಿಯ ಆಯಾಸವೇ ನಮ್ಮ ತಿರುಗಾಟಕ್ಕೆ ಕಟ್ಟಿದ ಒಡ್ಡಾಗಿತ್ತೆಂದೂ, ಅದನ್ನು ತೆಗೆದರೆ ನೀರು ಎಲ್ಲಿಗೆ ನುಗ್ಗುವುದೆಂದೂ ಆ ಪ್ರಯೋಗವು ಸ್ಪಷ್ಟವಾಗಿ ತೋರಿಸಿತು.

ಇಲ್ಲೊಂದು ಭೇದವನ್ನು ಎತ್ತಿ ಹೇಳಬೇಕು. ಟ್ಯಾಕ್ಸಿಯನ್ನು ಹಿಡಿಯುವವನು ಪ್ರತಿ ಸವಾರಿಗೂ ಅದರ ಪೂರ್ಣ ಬೆಲೆಯನ್ನು ಅಲ್ಲಲ್ಲಿಯೇ ತೆರುತ್ತಾನೆ. ಆದುದರಿಂದ ಈ ಓಡಾಟ ಬೇಕೇ ಬೇಡವೇ ಎಂದು ಒಮ್ಮೆಯಾದರೂ ಯೋಚಿಸುತ್ತಾನೆ. ಸ್ವಂತ ಕಾರನ್ನು ಕೊಂಡವನಿಗೆ ದೊಡ್ಡ ಖರ್ಚು ಮೊದಲೇ ಆಗಿಹೋಗಿರುವುದರಿಂದ ಮೂಲೆಯಂಗಡಿಯ ಹಾಲಿಗೂ ಕಾರೇ ಅಗ್ಗವಾಗಿ ಕಾಣುತ್ತದೆ. ಗಂಟೆಯ ಲೆಕ್ಕದಲ್ಲಿ ಕಾರನ್ನು ಹಂಚಿಕೊಳ್ಳುವ ಸಂಘಗಳನ್ನು ಕುರಿತು ಬರ್ಕ್ಲಿಯವರೇ ಆದ ಸೂಸನ್ ಶಾಹೀನ್ ಮತ್ತು ಎಲಿಯಟ್ ಮಾರ್ಟಿನ್ ನಡೆಸಿದ ಅಧ್ಯಯನದಲ್ಲಿ, ಹಂಚಿಕೆಯ ಒಂದು ಕಾರು 9ರಿಂದ 13 ಖಾಸಗಿ ಕಾರುಗಳ ಜಾಗವನ್ನು ತುಂಬಿತೆಂದು ಕಂಡುಬಂದುದಕ್ಕೆ ಈ ಮನೋಧರ್ಮವೇ ಕಾರಣ. ಹೀಗಿರಲಾಗಿ, ನಾವು ಹೆದರಬೇಕಾದುದು ಚಾಲಕನಿಲ್ಲದ ಟ್ಯಾಕ್ಸಿಗಿಂತ ಹೆಚ್ಚಾಗಿ, ಚಾಲಕನಿಲ್ಲದ ಸ್ವಂತ ಕಾರಿಗೆ. ಅದಕ್ಕೆ ಬಾಡಿಗೆಯ ಅಂಕೆಯೂ ಇಲ್ಲ, ಆಯಾಸದ ಅಂಕೆಯೂ ಇಲ್ಲ. ಸ್ಯಾಂಟಾ ಕ್ರೂಜ್ ವಿಶ್ವವಿದ್ಯಾನಿಲಯದಲ್ಲಿದ್ದ ಆ್ಯಡಂ ಮಿಲರ್ಡ್-ಬಾಲ್ ಎಂಬ ವಿದ್ವಾಂಸರು 2019ರಲ್ಲಿ ಲೆಕ್ಕ ಹಾಕಿದಂತೆ, ಇಂಥ ಕಾರನ್ನು ಹಣ ತೆತ್ತು ನಿಲ್ಲಿಸುವುದಕ್ಕಿಂತ ಬೀದಿಯಲ್ಲಿ ಮೆಲ್ಲನೆ ಸುತ್ತಾಡಲು ಬಿಡುವುದೇ ಅಗ್ಗ, ಗಂಟೆಗೆ ಅರ್ಧ ಡಾಲರಿನಷ್ಟು. ಅಂಥ 2,000 ಕಾರುಗಳು ಸ್ಯಾನ್ ಫ್ರಾನ್ಸಿಸ್ಕೊದ ಪೇಟೆಯೊಳಗೆ ಸೇರಿದರೆ ಅಲ್ಲಿಯ ಸಂಚಾರವು ಗಂಟೆಗೆ 3 ಕಿಲೋಮೀಟರಿಗೆ ಇಳಿಯುವುದಂತೆ. ಕಾಲುನಡಿಗೆಯವನು ಅದನ್ನು ದಾಟಿ ಮುಂದೆ ಹೋಗುವನು.

ನಿಲ್ಲುವ ಜಾಗದ ತೊಡಕು ಟ್ಯಾಕ್ಸಿಗೂ ತಪ್ಪಿದ್ದಲ್ಲ. 2024ರ ಆಗಸ್ಟಿನಲ್ಲಿ, ಬಾಡಿಗೆಯಿಲ್ಲದ ಹೊತ್ತಿನಲ್ಲಿ ವೇಮೊ ಕಾರುಗಳು ತಂಗಲೆಂದು ನಗರದ ದಕ್ಷಿಣ ಪೇಟೆಯಲ್ಲಿ ಹಿಡಿದಿದ್ದ ಬಯಲೊಂದರಲ್ಲಿ, ಬೆಳಗಿನ ಜಾವ ನಾಲ್ಕು ಗಂಟೆಗೆ ಖಾಲಿ ಕಾರುಗಳು ಒಂದಕ್ಕೊಂದು ದಾರಿ ಬಿಡುವ ಭರದಲ್ಲಿ ಹಾರ್ನ್ ಬಾರಿಸತೊಡಗಿದವು. ಹಿಂದಕ್ಕೆ ಸರಿದು ಬರುವ ವಾಹನವನ್ನು ಎಚ್ಚರಿಸಬೇಕೆಂಬ ಒಳ್ಳೆಯ ನಿಯಮವನ್ನು ಅವುಗಳಿಗೆ ಕಲಿಸಿದ್ದರು. ಎಲ್ಲರೂ ಏಕಕಾಲಕ್ಕೆ ವಿನಯವಂತರಾದರೆ ಏನಾಗುವುದೆಂಬುದು ಸುತ್ತಲಿನ ಮಹಡಿಗಳಲ್ಲಿ ಮಲಗಿದ್ದವರಿಗೆ ತಿಳಿಯಿತು. ಲೋಪವನ್ನು ಬೇಗನೆ ತಿದ್ದಿದರೆನ್ನಿ.

ಹಾಗಾದರೆ ಒಡೆತನವು ಎಲ್ಲಿ ಸಡಿಲಗೊಳ್ಳುವುದು? ಮೊದಲನೆಯ ಕಾರಿನಲ್ಲಿ ಅಲ್ಲ. ಕ್ಯಾಲಿಫೋರ್ನಿಯದ ಕಾನೂನಿನಂತೆ 8 ವರ್ಷದೊಳಗಿನ ಮಗುವಿಗೆ ಕಾರಿನಲ್ಲಿ ಅದರದೇ ಆದ ಆಸನವಿರಬೇಕು. ಎರಡು ಮಕ್ಕಳ ತಾಯಿಯು ಎರಡು ಆಸನಗಳನ್ನು ಹೊತ್ತುಕೊಂಡು ಟ್ಯಾಕ್ಸಿಗೆ ಕಾಯುವಳೆಂದು ಎಣಿಸುವುದು ಸಂಸಾರವರಿಯದವರ ಮಾತು. ಬಡಗಿಯ ಹತ್ಯಾರುಗಳು, ನಾಯಿ, ಕೊಡೆ, ಸಮುದ್ರತೀರಕ್ಕೆ ಹೋಗುವಾಗಿನ ಬುತ್ತಿ, ಇವೆಲ್ಲಕ್ಕೂ ಕಾರು ಅಲ್ಲಿ ಓಡುವ ಕೋಣೆಯಾಗಿದೆ. ಒಡೆತನವು ಬಿಡುವುದು ಎರಡನೆಯ ಕಾರಿನಿಂದ, ಗಂಡಹೆಂಡಿರಲ್ಲಿ ಒಬ್ಬರು ವಾರಕ್ಕೆ ಎರಡು ಸಲ ಮಾತ್ರ ಬಳಸುವ ಕಾರಿನಿಂದ. ಮತ್ತು ಇನ್ನೂ ಕೊಳ್ಳದಿರುವ, ಹದಿಹರೆಯದ ಮಗನಿಗೆಂದು ಮೀಸಲಿಟ್ಟಿದ್ದ ಕಾರಿನಿಂದ.

ಇದಕ್ಕಿಂತ ಹೆಚ್ಚಿನ ಲಾಭವು ಎಂದೂ ಒಡೆಯರಾಗಲಾರದವರಿಗೆ. ಸ್ಟೀವ್ ಮಾಹನ್ ಎಂಬ ಅಂಧರೊಬ್ಬರು 2015ರಲ್ಲಿ ಆಸ್ಟಿನ್ ನಗರದಲ್ಲಿ ಗೂಗಲ್ಲಿನ ಪುಟ್ಟ ಕಾರಿನೊಳಗೆ ಒಬ್ಬರೇ ಕುಳಿತು ಸವಾರಿಹೋದದ್ದು ಈ ಚರಿತ್ರೆಯಲ್ಲಿ ನೆನಪಿಡಬೇಕಾದ ಘಟನೆ. 2025ರ ಮಾರ್ಚಿನಿಂದ ಮೌಂಟನ್ ವ್ಯೂ, ಪಾಲೊ ಆಲ್ಟೊ, ಸನಿವೇಲಿನ ಕೆಲಭಾಗಗಳಿಗೂ ಈ ಟ್ಯಾಕ್ಸಿ ಬಂದಿದೆ. ಆ ಪ್ರದೇಶದಲ್ಲಿ ಕನ್ನಡದ ಮನೆಗಳು ಕಡಮೆಯೇನಿಲ್ಲ; ಮಗನ ಮನೆಗೆ ಆರು ತಿಂಗಳಿಗೆಂದು ಬಂದ ತಂದೆತಾಯಿಗಳು ಕಾರು ನಡೆಸಲರಿಯದೆ, ದೇವಸ್ಥಾನಕ್ಕೆ ಹೋಗಬೇಕಾದರೂ ಶನಿವಾರದವರೆಗೆ ಕಾಯುವ ಪಾಡನ್ನು ಬಲ್ಲವರು, ಇಂಥವರ ಓಡಾಟದಿಂದ ರಸ್ತೆಯ ಮೇಲಿನ ಕಿಲೋಮೀಟರುಗಳು ಹೆಚ್ಚಿದರೆ ಹೆಚ್ಚಲಿ ಎಂದಾರು. ನನ್ನ ಮತವೂ ಅದೇ. ನಗರಾಡಳಿತಗಳು ಸುಂಕ ಹಾಕಬೇಕಾದುದು ಜನ ಕುಳಿತ ಗಾಡಿಗಲ್ಲ, ಖಾಲಿ ಓಡುವ ಗಾಡಿಗೆ.

ಭಾರತದಲ್ಲಿ ಈ ಪ್ರಶ್ನೆ ಇನ್ನೂ ಒಡೆತನದ ಘಟ್ಟಕ್ಕೆ ಬಂದಿಲ್ಲ. ಚಾಲಕನಿಲ್ಲದ ಕಾರನ್ನು ದೇಶದೊಳಕ್ಕೆ ಬರಗೊಡುವುದಿಲ್ಲವೆಂದು ಕೇಂದ್ರ ಸಾರಿಗೆ ಮಂತ್ರಿಗಳಾದ ನಿತಿನ್ ಗಡ್ಕರಿಯವರು 2023ರಲ್ಲಿ ಹೇಳಿದರು. ಲಕ್ಷಾಂತರ ಚಾಲಕರ ಜೀವನೋಪಾಯ ಹೋಗುವುದೆಂಬುದು ಅವರು ಕೊಟ್ಟ ಕಾರಣ. ಆ ಚಾಲಕರ ವಿಚಾರವು ಮುಂದಿನ ಅಧ್ಯಾಯಕ್ಕೆ ಸೇರಿದ್ದು.